ಪಾಪುವಿನ ಕಣ್ಣು ದಿನಾ ಅಂಟುತ್ತಿದೆಯಾ? ಅಪ್ಪ ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದ ದಿನದಿಂದ ಸುಮಾರು ಒಂದೂವರೆ ವರ್ಷದವರೆಗಿನ ಮಕ್ಕಳ ಕಣ್ಣಿನ ಬಗ್ಗೆ ಇಲ್ಲಿ ಬರೆದಿದ್ದೇನೆ. ಕೆಲವರು ಗೀಜು ಅನ್ನುತ್ತಾರೆ, ಕೆಲವರು ಪಿಸುರು ಅನ್ನುತ್ತಾರೆ. ಒರೆಸಿದಷ್ಟೂ ಬರುವ ಆ ಹಳದಿ ಅಂಟಿನ ವಿಷಯ ಇದು. ಇದನ್ನು ಓದಿದ ಮೇಲೆ ಡಾಕ್ಟರ್ ಬೇಡ ಅಂತಲ್ಲ. ಯಾವಾಗ ಓಡಬೇಕು, ಯಾವಾಗ ತಾಳ್ಮೆಯಿಂದ ಕಾಯಬಹುದು ಅನ್ನುವುದು ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ.

ಕಣ್ಣು ಅಂಟಿಕೊಂಡಿದೆ. ಮೊದಲು ಏನು ನೋಡಬೇಕು?

ಗೀಜನ್ನಲ್ಲ, ಕಣ್ಣಿನ ಬಿಳಿ ಭಾಗವನ್ನು ನೋಡಿ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಗೀಜನ್ನು ಮೆತ್ತಗೆ ಒರೆಸಿ, ಮಗು ತಾನಾಗಿ ಕಣ್ಣು ಬಿಡುವವರೆಗೆ ಕಾಯಿರಿ. ಬಿಳಿ ಭಾಗ ಹಾಲಿನಷ್ಟು ಬಿಳಿಯಾಗಿದ್ದು, ರೆಪ್ಪೆ ಊದಿಲ್ಲದಿದ್ದು, ಮಗು ಆರಾಮಾಗಿ ಹಾಲು ಕುಡಿಯುತ್ತಿದ್ದರೆ ಹೆಚ್ಚಿನ ಸಲ ಅದು ಕಣ್ಣೀರಿನ ನಾಳ ಕಟ್ಟಿಕೊಂಡಿರುವ ತೊಂದರೆ. ನೋಡಲು ಭಯ ಹುಟ್ಟಿಸುತ್ತದೆ, ಆದರೆ ಅಪಾಯ ಕಡಿಮೆ. ಬಿಳಿ ಭಾಗ ಕೆಂಪಾಗಿದ್ದರೆ ವಿಷಯ ಬೇರೆ.

ಗೀಜು ಎಷ್ಟಿದೆ ಅನ್ನುವುದನ್ನು ನೋಡಿ ಅಳೆಯಲು ಹೋಗಬೇಡಿ. ನಾಳ ಕಟ್ಟಿಕೊಂಡ ಕಣ್ಣಿನಲ್ಲಿ ಬೆಳಿಗ್ಗೆ ರಾಶಿ ಗೀಜು ಇದ್ದರೂ ಕಣ್ಣು ಒಳಗೆ ಚೆನ್ನಾಗಿರಬಹುದು. ಗೀಜು ಸ್ವಲ್ಪವೇ ಇದ್ದು ಕಣ್ಣು ಕೆಂಪಾಗಿದ್ದರೆ ಅದೇ ಹೆಚ್ಚು ಗಂಭೀರ.

ಮಗು ಹುಟ್ಟಿ ಇನ್ನೂ ತಿಂಗಳಾಗಿಲ್ಲ. ಎರಡು ದಿನ ನೋಡೋಣವಾ?

ಬೇಡ. ಮೊದಲ 28 ದಿನಗಳಲ್ಲಿ ಕಣ್ಣು ಕೆಂಪಾಗಿ, ರೆಪ್ಪೆ ಊದಿ, ಕೀವು ಬಂದರೆ ಅದೇ ದಿನ ತೋರಿಸಿ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿನ ಕಣ್ಣಿಗೆ ಸೋಂಕು ಹತ್ತಬಹುದು. ಲೈಂಗಿಕ ಸಂಪರ್ಕದಿಂದ ದೊಡ್ಡವರಲ್ಲಿ ಹರಡುವ ಗೊನೊರಿಯಾ, ಕ್ಲಮೈಡಿಯಾ ಎಂಬ ಎರಡು ಸೋಂಕುಗಳು ಇದರಲ್ಲಿ ಮುಖ್ಯ. ಗೊನೊರಿಯಾದ ಸೋಂಕು ಸಾಮಾನ್ಯವಾಗಿ ಮೊದಲ ಐದು ದಿನಗಳಲ್ಲೇ ಕಾಣುತ್ತದೆ. ಕೀವು ಧಾರಾಳವಾಗಿ ಸುರಿಯುತ್ತದೆ. ತಡಮಾಡಿದರೆ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿ, ಅದು ತೂತಾಗಿ, ದೃಷ್ಟಿಯೇ ಹೋಗಬಹುದು. ಕ್ಲಮೈಡಿಯಾದ್ದು ಹೆಚ್ಚಾಗಿ 5ರಿಂದ 14ನೇ ದಿನದ ನಡುವೆ ಶುರುವಾಗುತ್ತದೆ. ಅದು ಶ್ವಾಸಕೋಶಕ್ಕೂ ಇಳಿಯಬಹುದು. ಈ ಎರಡಕ್ಕೂ ಬರೀ ಡ್ರಾಪ್ಸ್ ಸಾಲದು. ಒಂದಕ್ಕೆ ಇಂಜೆಕ್ಷನ್, ಇನ್ನೊಂದಕ್ಕೆ ಬಾಯಿಗೆ ಹಾಕುವ ಔಷಧಿ ಬೇಕು.

ಡಾಕ್ಟರ್ ಆಗ ತಂದೆತಾಯಿ ಇಬ್ಬರಿಗೂ ಪರೀಕ್ಷೆ, ಚಿಕಿತ್ಸೆ ಹೇಳಬಹುದು. ಅವಮಾನ ಅಂದುಕೊಳ್ಳಬೇಡಿ. ಈ ಸೋಂಕುಗಳು ದೊಡ್ಡವರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರುವುದು ತುಂಬ ಸಾಮಾನ್ಯ. 1880ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ವೈದ್ಯರು ಹುಟ್ಟಿದ ಕೂಡಲೇ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದ್ದು ಗೊನೊರಿಯಾದ ಸೋಂಕಿಗೆ ಹೆದರಿ. ಆ ಕಾಲದಲ್ಲಿ ಮಕ್ಕಳು ಕುರುಡಾಗಲು ಇದೊಂದು ದೊಡ್ಡ ಕಾರಣವಾಗಿತ್ತು.

ಇನ್ನೂ ಯಾವ ಲಕ್ಷಣ ಕಂಡರೆ ಕಾಯಬಾರದು?

ಕಣ್ಣಿನ ಒಳಮೂಲೆ ಮತ್ತು ಮೂಗಿನ ನಡುವೆ ಕೆಂಪಗೆ, ಬಿಸಿಯಾಗಿ ಊದಿಕೊಂಡು, ಮುಟ್ಟಿದರೆ ಮಗು ಚೀರುತ್ತಿದ್ದರೆ ಕಣ್ಣೀರಿನ ಚೀಲದಲ್ಲಿ ಕೀವು ತುಂಬಿದೆ ಅಂತ ಅರ್ಥ. ಜೊತೆಗೆ ಜ್ವರವೂ ಬರಬಹುದು. ಆಗ ಮಸಾಜ್ ಮಾಡಲೇಬೇಡಿ, ಹೋಗಿ ತೋರಿಸಿ. ರೆಪ್ಪೆ ತೆರೆಯಲಾಗದಷ್ಟು ಬಾತುಕೊಂಡಿದ್ದರೆ, ಕರಿಗುಡ್ಡೆ ಮಂಜಾಗಿ ಕಂಡರೆ, ಕರಿಗುಡ್ಡೆಯ ನಡುವೆ ಬಿಳಿ ಹೊಳಪು ಕಂಡರೆ, ರೆಪ್ಪೆಯ ಮೇಲೆ ಸಣ್ಣ ನೀರ್ಗುಳ್ಳೆ ಎದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ ಕೂಡ ಅಷ್ಟೇ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಣ್ಣಿನ ಕಥೆ ಆಮೇಲೆ, ಮೊದಲು ಆಸ್ಪತ್ರೆ.

ಹುಟ್ಟಿದಾಗಲೇ ಕಣ್ಣಿನ ಒಳಮೂಲೆಯ ಕೆಳಗೆ ನೀಲಿ ಬಣ್ಣದ ಗಂಟು ಕಂಡರೂ ಬೇಗ ತೋರಿಸಬೇಕು. ಅದು ಮೂಗಿನೊಳಗೂ ಊದಿಕೊಂಡಿದ್ದರೆ ಉಸಿರಾಟಕ್ಕೆ ತೊಂದರೆ. ಹಸುಗೂಸುಗಳು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ ಅಲ್ವಾ.

ಕಣ್ಣು ಬಿಳಿಯಾಗಿಯೇ ಇದೆ. ಹಾಗಾದರೆ ಇಷ್ಟು ಗೀಜು ಎಲ್ಲಿಂದ?

ಕಣ್ಣೀರು ಅತ್ತಾಗ ಮಾತ್ರ ಬರುವುದಲ್ಲ. ಕಣ್ಣು ಒಣಗದ ಹಾಗೆ ಇಡೀ ದಿನ ಸ್ವಲ್ಪ ಸ್ವಲ್ಪ ಜಿನುಗುತ್ತಲೇ ಇರುತ್ತದೆ. ರೆಪ್ಪೆಯ ಒಳಮೂಲೆಯಲ್ಲಿ ಮೇಲೊಂದು, ಕೆಳಗೊಂದು ಸಣ್ಣ ತೂತಿದೆ. ಆ ತೂತುಗಳಿಂದ ಕಣ್ಣೀರು ಒಂದು ಪುಟ್ಟ ಚೀಲಕ್ಕೆ ಹೋಗಿ, ಅಲ್ಲಿಂದ ನಾಳದಲ್ಲಿ ಇಳಿದು ಮೂಗಿನೊಳಗೆ ಸೇರುತ್ತದೆ. ಅತ್ತರೆ ಮೂಗು ಸುರಿಯುವುದು ಇದಕ್ಕೇ. ಕೆಲವು ಮಕ್ಕಳಲ್ಲಿ ನಾಳದ ಕೆಳತುದಿಯಲ್ಲಿ, ಮೂಗಿಗೆ ತೆರೆಯುವ ಜಾಗದಲ್ಲಿ, ಒಂದು ತೆಳು ಪೊರೆ ಹುಟ್ಟುವ ಹೊತ್ತಿಗೆ ಹರಿದಿರುವುದಿಲ್ಲ. ಬಚ್ಚಲ ಕೊಳವೆ ಕಟ್ಟಿಕೊಂಡ ಹಾಗೆ ನೀರು ಹಿಂದಕ್ಕೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಗೀಜಾಗುತ್ತದೆ.

ಅದಕ್ಕೇ ಬೆಳಿಗ್ಗೆ ಎದ್ದಾಗ ಜಾಸ್ತಿ. ನೆಗಡಿ ಬಂದಾಗ ಮೂಗಿನ ಒಳಗೋಡೆ ಊದಿ ಇನ್ನೂ ಜಾಸ್ತಿ. ಗಾಳಿಗೆ ಕರೆದುಕೊಂಡು ಹೋದರೆ ಕಣ್ಣು ತುಂಬಿ ಕೆನ್ನೆಗೆ ಇಳಿಯುತ್ತದೆ. ನೀವು ಏನೋ ತಪ್ಪು ತಿಂದಿದ್ದಕ್ಕೆ, ತಲೆಗೆ ನೀರು ಹಾಕಿದ್ದಕ್ಕೆ, ದೃಷ್ಟಿ ಆಗಿದ್ದಕ್ಕೆ ಇದು ಬಂದಿದ್ದಲ್ಲ.

ಆಸ್ಪತ್ರೆಯಿಂದ ಬಂದಾಗ ಕಣ್ಣು ಚೆನ್ನಾಗಿತ್ತು. ಮೂರನೇ ವಾರಕ್ಕೆ ಶುರುವಾಯಿತು. ಮನೆಯಲ್ಲೇ ಏನೋ ತಗುಲಿತಾ?

ಮೊದಲ ವಾರಗಳಲ್ಲಿ ಮಕ್ಕಳಿಗೆ ಕಣ್ಣೀರು ತುಂಬ ಕಡಿಮೆ. ಎಷ್ಟು ಅತ್ತರೂ ಕೆನ್ನೆ ಒದ್ದೆಯಾಗುವುದಿಲ್ಲ, ಗಮನಿಸಿರಬಹುದು. ಕಣ್ಣೀರು ಹೆಚ್ಚಾದ ಮೇಲೆ ತಾನೇ ಕಟ್ಟಿಕೊಂಡಿದ್ದು ಗೊತ್ತಾಗುವುದು. ತೊಂದರೆ ಹುಟ್ಟಿನಿಂದಲೇ ಇತ್ತು, ಕಂಡಿದ್ದು ಈಗ.

ಇದು ಯಾವಾಗ ಸರಿಹೋಗುತ್ತದೆ?

ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಂದು ವರ್ಷ ತುಂಬುವುದರೊಳಗೆ ತಾನಾಗಿಯೇ ಸರಿಹೋಗುತ್ತದೆ. ತುಂಬ ಮಕ್ಕಳಿಗೆ ಆರೇಳು ತಿಂಗಳಿಗೇ ನಿಲ್ಲುತ್ತದೆ. ಒಂದು ದಿನ ಬೆಳಿಗ್ಗೆ ಕಣ್ಣು ಸ್ವಚ್ಛವಾಗಿರುತ್ತದೆ, ಮರುದಿನವೂ ಹಾಗೇ, ಆಮೇಲೆ ನಿಮಗೇ ಮರೆತುಹೋಗುತ್ತದೆ. ಕಷ್ಟ ಇರುವುದು ಈ ಕಾಯುವಿಕೆಯಲ್ಲಿ. ಮನೆಗೆ ಬಂದವರೆಲ್ಲ "ಏನಮ್ಮ, ಕಣ್ಣು ಹಿಂಗಾಗಿದೆ, ತೋರಿಸಿಲ್ವಾ?" ಅನ್ನುತ್ತಾರೆ. ತೋರಿಸಿದ್ದೀವಿ, ಕಾಯಬೇಕಂತೆ ಅಂದರೆ ಯಾರೂ ನಂಬುವುದಿಲ್ಲ. ಕಾಯುವುದೂ ಇಲ್ಲಿ ಒಂದು ಚಿಕಿತ್ಸೆ ಅಂತ ಮನೆಯವರೆಲ್ಲರಿಗೂ ಡಾಕ್ಟರ್ ಬಾಯಿಂದಲೇ ಹೇಳಿಸುವುದು ಒಳ್ಳೆಯದು. ಮುಂದಿನ ಸಲ ಅತ್ತೆಯವರನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಒರೆಸುವುದು ಹೇಗೆ?

ಸೋಪಿನಲ್ಲಿ ಕೈ ತೊಳೆಯಿರಿ. ಕಾಯಿಸಿ ಆರಿಸಿದ ನೀರು, ಸ್ವಚ್ಛ ಹತ್ತಿ ಸಾಕು. ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ, ಆ ಹತ್ತಿ ಬಿಸಾಕಿ, ಹೊಸದು ತೆಗೆದುಕೊಳ್ಳಿ. ಎರಡು ಕಣ್ಣಿಗೂ ಒಂದೇ ಹತ್ತಿ ಬೇಡ. ಗೀಜು ಒಣಗಿ ಗಟ್ಟಿಯಾಗಿದ್ದರೆ ಉಗುರಿನಿಂದ ಕೀಳಬೇಡಿ. ಒದ್ದೆ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಇಟ್ಟರೆ ತಾನೇ ಮೆತ್ತಗಾಗುತ್ತದೆ. ಸೀರೆ ಸೆರಗು, ದುಪಟ್ಟಾ, ಹೆಗಲ ಮೇಲಿನ ಟವೆಲ್‌ನಿಂದ ಒರೆಸುವುದು ಕೈಗೆ ಸುಲಭ, ಕಣ್ಣಿಗೆ ಅಲ್ಲ. ವಾಸನೆ ಇರುವ ಬೇಬಿ ವೈಪ್ಸ್ ಕೂಡ ಬೇಡ.

ಮಸಾಜ್ ಮಾಡಿ ಅಂದರು. ಎಲ್ಲಿ, ಎಷ್ಟು ಒತ್ತಬೇಕು?

ಈ ಪುಟದಲ್ಲಿ ನೀವು ಕಲಿತುಕೊಳ್ಳಲೇಬೇಕಾದ ಒಂದು ಕೆಲಸ ಇದು. ತುಂಬ ಜನ ಕಣ್ಣಿನ ಕೆಳಗೆ ಕೆನ್ನೆ ಸವರಿ, ಮಸಾಜ್ ಮಾಡಿದೆವು, ಏನೂ ಆಗಲಿಲ್ಲ ಅನ್ನುತ್ತಾರೆ. ಜಾಗವೂ ತಪ್ಪು, ಒತ್ತಡವೂ ಸಾಲದು.

ಮೊದಲು ನಿಮ್ಮ ಉಗುರು ಕತ್ತರಿಸಿ, ಕೈ ತೊಳೆಯಿರಿ. ಗೀಜು ಒರೆಸಿ. ತೋರುಬೆರಳಿನ ಮೆತ್ತನೆಯ ಭಾಗವನ್ನು ಕಣ್ಣಿನ ಒಳಮೂಲೆಗೂ ಮೂಗಿನ ಮೂಳೆಗೂ ನಡುವಿನ ಸಣ್ಣ ತಗ್ಗಿನಲ್ಲಿಡಿ. ಬೆರಳು ದಪ್ಪ ಅನ್ನಿಸಿದರೆ ಕಿರುಬೆರಳು ಸರಿ. ಅಲ್ಲೇ ಒಳಗೆ ಕಣ್ಣೀರಿನ ಚೀಲ ಇದೆ. ಮೂಗಿನ ಮೂಳೆಯ ಕಡೆಗೆ ಒತ್ತಿ, ಬೆರಳನ್ನು ಎತ್ತದೆ, ಮೂಗಿನ ಪಕ್ಕದಲ್ಲೇ ಹೊಳ್ಳೆಯ ಕಡೆಗೆ ಕೆಳಗೆ ಜಾರಿಸಿ. ಸುಮಾರು ಒಂದು ಸೆಂಟಿಮೀಟರ್ ಜಾರಿಸಿದರೆ ಸಾಕು. ನಿಮ್ಮ ಉಗುರಿನ ತುದಿ ಸ್ವಲ್ಪ ಬೆಳ್ಳಗಾಗುವಷ್ಟು ಒತ್ತಡ ಬೇಕು. ಸವರುವುದಕ್ಕಿಂತ ಜಾಸ್ತಿ, ನೋಯಿಸುವುದಕ್ಕಿಂತ ಕಡಿಮೆ. ಒಂದು ಸಲಕ್ಕೆ ಐದರಿಂದ ಹತ್ತು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಕಣ್ಣುಗುಡ್ಡೆಯ ಮೇಲೆ ಬೆರಳು ಹೋಗಬಾರದು.

ಒತ್ತಿದಾಗ ಒಳಮೂಲೆಯಿಂದ ಗೀಜು ಹೊರಗೆ ಬಂದರೆ ಹೆದರಬೇಡಿ. ಚೀಲ ಖಾಲಿಯಾಗುತ್ತಿದೆ, ಒರೆಸಿ. ಕೆಳಕ್ಕೆ ಜಾರಿಸುವ ಉದ್ದೇಶವೇ ಬೇರೆ: ನಾಳದೊಳಗಿನ ನೀರಿನ ಒತ್ತಡ ಹೆಚ್ಚಿ, ತುದಿಯ ಪೊರೆ ಹರಿಯಲಿ ಅಂತ. ಈ ವಿಧಾನವನ್ನು ಕ್ರಿಗ್ಲರ್ ಎಂಬ ಅಮೆರಿಕದ ಕಣ್ಣಿನ ವೈದ್ಯರು 1923ರಲ್ಲಿ ಬರೆದಿಟ್ಟರು. ಇವತ್ತಿಗೂ ಡಾಕ್ಟರುಗಳು ಹೇಳಿಕೊಡುವುದು ಅದನ್ನೇ. ಒಂದು ಸಲ ಅವರ ಮುಂದೆಯೇ ನೀವು ಮಾಡಿ ತೋರಿಸಿ, ಸರಿಯಿದೆಯಾ ಅಂತ ಕೇಳಿಬಿಡಿ. ಕೈಗೆ ಒಂದು ಸಲ ಅಂದಾಜು ಸಿಕ್ಕರೆ ಆಮೇಲೆ ಹಾಲು ಕುಡಿಸುತ್ತಲೇ ಮಾಡಬಹುದು. ಬಾಣಂತನಕ್ಕೆ ಬಂದ ಅಜ್ಜಿ ಎಣ್ಣೆ ನೀರು ಹಾಕುವವರಾದರೆ ಅವರಿಗೂ ಕಲಿಸಿ. ಮಗುವಿನ ಮೈ ಹಿಡಿದು ಪಳಗಿದ ಆ ಕೈಗಳು ನಮ್ಮ ಕೈಗಿಂತ ಚೆನ್ನಾಗಿ ಮಾಡುತ್ತವೆ. ಬೆರಳಿನಲ್ಲಿ ಎಣ್ಣೆ ಮಾತ್ರ ಇರಬಾರದು.

ಡ್ರಾಪ್ಸ್ ಹಾಕಿದರೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಔಷಧಿ ಸರಿಯಿಲ್ಲವಾ?

ಔಷಧಿ ಸರಿಯಾಗಿಯೇ ಇದೆ. ಆಂಟಿಬಯೋಟಿಕ್ ಡ್ರಾಪ್ಸ್ ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡುತ್ತದೆ, ಪೊರೆಯನ್ನು ಹರಿಯುವುದಿಲ್ಲ. ನಾಳ ಕಟ್ಟಿಕೊಂಡು ನೀರು ನಿಂತಿರುವವರೆಗೂ ಗೀಜು ಮತ್ತೆ ಬರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಅಪ್ಪ ಅಮ್ಮ ಡಾಕ್ಟರ್ ಮೇಲೆ ಡಾಕ್ಟರ್, ಬಾಟಲಿ ಮೇಲೆ ಬಾಟಲಿ ಬದಲಿಸುತ್ತಾರೆ. ಕಣ್ಣು ಬಿಳಿಯಾಗಿದ್ದು ಸ್ವಲ್ಪ ಅಂಟು ಮಾತ್ರ ಇದ್ದರೆ ಒರೆಸುವುದು, ಮಸಾಜ್ ಎರಡೇ ಸಾಕು. ಗೀಜು ಹಸಿರಾಗಿ ದಟ್ಟವಾದಾಗ, ಕಣ್ಣು ಕೆಂಪಾದಾಗ ಡಾಕ್ಟರ್ ಕೆಲವು ದಿನಕ್ಕೆ ಡ್ರಾಪ್ಸ್ ಕೊಡುತ್ತಾರೆ. ಅಷ್ಟು ದಿನ ಸರಿಯಾಗಿ ಹಾಕಿ, ನಿಲ್ಲಿಸಿ. ತಿಂಗಳುಗಟ್ಟಲೆ ಹಾಕುತ್ತಾ ಕೂರುವುದು ಬೇಡ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಬಹುದಾ?

ದಯವಿಟ್ಟು ಬೇಡ. ಅಲ್ಲಿ ಕೊಡುವ ಕೆಲವು ಡ್ರಾಪ್ಸ್‌ನಲ್ಲಿ ಆಂಟಿಬಯೋಟಿಕ್ ಜೊತೆ ಸ್ಟೀರಾಯ್ಡ್ ಸೇರಿರುತ್ತದೆ. ಲೇಬಲ್ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್ ಅಂತ ಇದ್ದರೆ ಅದೇ ಸ್ಟೀರಾಯ್ಡ್. ಎರಡು ದಿನದಲ್ಲಿ ಕೆಂಪು ಮಾಯವಾಗುತ್ತದೆ, ಎಲ್ಲರಿಗೂ ಖುಷಿ. ಆದರೆ ಒಳಗಿನ ಸೋಂಕು ಹೆಚ್ಚಬಹುದು, ಕಣ್ಣಿನ ಒತ್ತಡ ಏರಬಹುದು. ಮನೆಯಲ್ಲಿ ತಾತನ ಆಪರೇಷನ್ ಆದಾಗ ಉಳಿದ ಬಾಟಲಿಯನ್ನು ಪಾಪುವಿಗೆ ಹಾಕುವುದೂ ಇಷ್ಟೇ ಅಪಾಯ. ಬಾಟಲಿ ತೆರೆದು ಸುಮಾರು ಒಂದು ತಿಂಗಳಾದ ಮೇಲೆ ಅದನ್ನು ಯಾರೂ ಬಳಸಬಾರದು.

ಡ್ರಾಪ್ಸ್ ಹಾಕಲು ಹೋದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಏನು ಮಾಡಲಿ?

ಮುಚ್ಚಿಕೊಂಡೇ ಇರಲಿ. ಮಗುವನ್ನು ಅಂಗಾತ ಮಲಗಿಸಿ, ಒಳಮೂಲೆಯಲ್ಲಿ ಒಂದು ಹನಿ ಬಿಡಿ, ತಲೆ ಅಲ್ಲಾಡದ ಹಾಗೆ ಹಿಡಿದುಕೊಳ್ಳಿ. ಕಣ್ಣು ಬಿಟ್ಟ ಕೂಡಲೇ ಔಷಧಿ ಒಳಗೆ ಜಾರುತ್ತದೆ. ಮೊದಲು ಮಸಾಜ್, ಆಮೇಲೆ ಒರೆಸುವುದು, ಕೊನೆಗೆ ಹನಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು.

ಎದೆಹಾಲು ಹಿಂಡಿದರೆ ಸರಿಹೋಗುತ್ತದೆ ಅಂತಾರೆ. ನಿಜವಾ?

ನಮ್ಮಲ್ಲಿ ಇದನ್ನು ಹೇಳದ ಮನೆಯೇ ಇಲ್ಲ. ಎದೆಹಾಲಿನಲ್ಲಿ ಸೋಂಕಿನ ವಿರುದ್ಧ ಹೋರಾಡುವ ಅಂಶ ಇದೆ ಅನ್ನುವುದು ನಿಜ. ನಾಳ ಕಟ್ಟಿಕೊಂಡ ಕಣ್ಣು ಹೇಗೂ ತಾನಾಗಿ ವಾಸಿಯಾಗುತ್ತದಲ್ಲ, ಆ ಯಶಸ್ಸೆಲ್ಲ ಎದೆಹಾಲಿನ ಲೆಕ್ಕಕ್ಕೆ ಸೇರಿಬಿಟ್ಟಿದೆ ಅಂತ ನನ್ನ ಅನಿಸಿಕೆ. ಹಾಲು ಪೊರೆಯನ್ನು ತೆರೆಯುವುದಿಲ್ಲ. ಅದು ಕ್ರಿಮಿಯೇ ಇಲ್ಲದ ದ್ರವವೂ ಅಲ್ಲ. ಕೆಂಪಾದ ಕಣ್ಣಿಗೆ ಹಾಲು ಹಾಕುತ್ತಾ ಎರಡು ದಿನ ಕಳೆಯುವುದು ಮಾತ್ರ ದೊಡ್ಡ ತಪ್ಪು. ಹಾಲನ್ನು ಮಗುವಿನ ಬಾಯಿಗೇ ಕೊಡಿ.

ಕಾಡಿಗೆ, ಹರಳೆಣ್ಣೆ, ನಂದಿಬಟ್ಟಲು ಹೂವು, ಸಾಂಬ್ರಾಣಿ ಹೊಗೆ?

ಕಾಡಿಗೆ ಕಣ್ಣಿನೊಳಗೆ ಬೇಡವೇ ಬೇಡ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾದಲ್ಲಿ ಸೀಸ ಇರುತ್ತದೆ. ಅದು ಬೆಳೆಯುವ ಮಿದುಳಿಗೆ ವಿಷ. ಮನೆಯಲ್ಲೇ ಹರಳೆಣ್ಣೆ ದೀಪದಿಂದ ಮಾಡಿದ್ದಾದರೂ ಅದು ಮಸಿಯೇ. ಮೇಲಾಗಿ ಹಚ್ಚುವ ಬೆರಳು, ಉಗುರು ಕಣ್ಣಿಗೆ ತಾಗುತ್ತದೆ. ದೃಷ್ಟಿಬೊಟ್ಟು ಇಡಲೇಬೇಕು ಅಂದರೆ ಅಂಗಾಲಿಗೋ ಕಿವಿಯ ಹಿಂದೆಯೋ ಇಡಿ. ದೃಷ್ಟಿಯೂ ತಾಗುವುದಿಲ್ಲ, ಅಜ್ಜಿಗೂ ಬೇಜಾರಾಗುವುದಿಲ್ಲ.

ಹರಳೆಣ್ಣೆ ಕಣ್ಣಿಗೆ ಬಿಡುವುದು ಬೇಡ. ನಂದಿಬಟ್ಟಲು ಗಿಡದಲ್ಲಿ ಬಿಳಿ ಹಾಲು ಬರುತ್ತದೆ, ಅದು ಕಣ್ಣಿಗೆ ಉರಿ. ಜೇನುತುಪ್ಪ ಒಂದು ವರ್ಷದೊಳಗಿನ ಮಕ್ಕಳ ಬಾಯಿಗೂ ಹಾಕಬಾರದು, ಕಣ್ಣಿಗಂತೂ ಅಲ್ಲ. ಪನ್ನೀರು, ಅರಿಸಿನದ ನೀರು ಕೂಡ ಹಾಗೆಯೇ. ಸ್ನಾನ ಆದ ಮೇಲೆ ತಲೆಗೂದಲು ಒಣಗಲಿ ಅಂತ ಹಾಕುವ ಸಾಂಬ್ರಾಣಿ ಹೊಗೆ ಕಣ್ಣನ್ನೂ ಮೂಗನ್ನೂ ಕೆರಳಿಸಿ ನೀರು ಸುರಿಸುತ್ತದೆ. ಟವೆಲ್‌ನಿಂದ ಒರೆಸಿದರೂ ಕೂದಲು ಒಣಗುತ್ತದೆ.

ಕಣ್ಣಿನ ಕೆಳಗಿನ ಚರ್ಮ ಕೆಂಪಾಗಿ ಸುಲಿದಿದೆ.

ಸದಾ ಒದ್ದೆ, ಸದಾ ಒರೆಸುವುದು, ಅದಕ್ಕೇ. ಉಜ್ಜಬೇಡಿ, ಒತ್ತಿ ತೆಗೆಯಿರಿ. ಒಣಗಿದ ಮೇಲೆ ರೆಪ್ಪೆಯ ಕೆಳಗೆ, ಕೆನ್ನೆಯ ಮೇಲ್ಭಾಗಕ್ಕೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಕಣ್ಣೊಳಗೆ ಹೋಗದಿರಲಿ.

ಇದು ಬೇರೆ ಮಕ್ಕಳಿಗೆ ಹರಡುತ್ತದಾ?

ನಾಳ ಕಟ್ಟಿಕೊಂಡಿದ್ದರೆ ಇಲ್ಲ. ಡೇಕೇರ್‌ಗೆ ಕಳಿಸಬಹುದು, ಸ್ನಾನ ಮಾಡಿಸಬಹುದು, ಲಸಿಕೆಯನ್ನೂ ಮುಂದೂಡಬೇಕಾಗಿಲ್ಲ. ಮದ್ರಾಸ್ ಐ ಹರಡುತ್ತದೆ. 2023ರ ಮಳೆಗಾಲದಲ್ಲಿ ಕರ್ನಾಟಕದ ತುಂಬ ಅದು ಹಬ್ಬಿದ್ದು ನೆನಪಿರಬಹುದು. ಅದರಲ್ಲಿ ಕಣ್ಣು ಕೆಂಪಾಗುತ್ತದೆ, ಒಂದರಿಂದ ಇನ್ನೊಂದು ಕಣ್ಣಿಗೆ ಬರುತ್ತದೆ, ಮನೆಯಲ್ಲಿ ಇನ್ನೂ ಯಾರಿಗೋ ಆಗಿರುತ್ತದೆ. ಆಗ ಟವೆಲ್, ದಿಂಬು ಬೇರೆ ಮಾಡಿ, ಕೈ ತೊಳೆಯುತ್ತಲೇ ಇರಿ. ದೊಡ್ಡವರಿಗೆ ಬಂದಿದ್ದರೆ ಮಗುವಿನ ಮುಖಕ್ಕೆ ಮುದ್ದು ಕೊಡುವುದನ್ನು ಸ್ವಲ್ಪ ದಿನ ತಡೆದುಕೊಳ್ಳಿ. ಹಾಲು ಕುಡಿಸುವುದನ್ನು ಮಾತ್ರ ನಿಲ್ಲಿಸಬೇಡಿ.

ಗೀಜಿಲ್ಲ, ಬರೀ ನೀರು. ಬೆಳಕಿಗೆ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಇದೂ ನಾಳದ್ದೇ ತೊಂದರೆಯಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹುಟ್ಟಿನಿಂದ ಬರುವ ಗ್ಲಾಕೋಮಾದಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ನೀರು ಸುರಿಯುವುದು, ಬೆಳಕಿಗೆ ಮುಖ ತಿರುಗಿಸುವುದು, ರೆಪ್ಪೆ ಬಿಗಿಯಾಗಿ ಮುಚ್ಚುವುದು ಅದರ ಗುರುತು. ಕರಿಗುಡ್ಡೆ ದೊಡ್ಡದಾಗುತ್ತಾ ಹೋಗಿ ನೀಲಿ ಮಂಜು ಕವಿದಂತೆ ಕಾಣಬಹುದು. ನೆಂಟರು "ಎಷ್ಟು ದೊಡ್ಡ ಕಣ್ಣು, ಏನ್ ಚೆಂದ" ಅನ್ನುತ್ತಿರುತ್ತಾರೆ, ಒಳಗೆ ನರ ಹಾಳಾಗುತ್ತಿರುತ್ತದೆ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆಯಾದ ಮನೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಮಸಾಜ್ ಮಾಡುತ್ತಾ ತಿಂಗಳು ಕಳೆಯದೆ ಆ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೇಗ ಆಪರೇಷನ್ ಮಾಡಿದರೆ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು.

ವರ್ಷ ತುಂಬಿತು, ಇನ್ನೂ ನಿಂತಿಲ್ಲ. ಮುಂದೇನು?

ಪ್ರೋಬಿಂಗ್ ಮಾಡುತ್ತಾರೆ. ರೆಪ್ಪೆಯ ತೂತಿನಿಂದ ಕೂದಲಿನಂಥ ತೆಳು ಲೋಹದ ಕಡ್ಡಿಯನ್ನು ನಾಳದೊಳಗೆ ಇಳಿಸಿ ಪೊರೆಯನ್ನು ತೆರೆಯುತ್ತಾರೆ. ಎಲ್ಲೂ ಕುಯ್ಯುವುದಿಲ್ಲ, ಹೊಲಿಗೆ ಇಲ್ಲ. ಕೆಲಸ ಕೆಲವೇ ನಿಮಿಷದ್ದು. ನಮ್ಮಲ್ಲಿ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಕಳಿಸುತ್ತಾರೆ. ವರ್ಷದ ಆಸುಪಾಸಿನಲ್ಲಿ ಮಾಡಿಸಿದರೆ ಹೆಚ್ಚಿನ ಮಕ್ಕಳಿಗೆ ಒಂದೇ ಸಲಕ್ಕೆ ಸರಿಹೋಗುತ್ತದೆ. ತಾನಾಗಿ ಹೋಗಲಿ ಅಂತ ಮೂರು ನಾಲ್ಕು ವರ್ಷ ಎಳೆದರೆ ಕೆಲಸ ಕಷ್ಟವಾಗಬಹುದು. ಮೊದಲ ಸಲ ಆಗದಿದ್ದರೆ ಮತ್ತೆ ಪ್ರೋಬಿಂಗ್, ಇಲ್ಲವೇ ಕೆಲವು ತಿಂಗಳು ನಾಳದಲ್ಲಿ ಸಿಲಿಕಾನ್ ಕೊಳವೆ ಇಡುವ ದಾರಿ ಇದೆ. ಚೀಲದಲ್ಲಿ ಪದೇ ಪದೇ ಕೀವು ತುಂಬುವ ಮಗುವಿಗೆ ವರ್ಷದ ಮೊದಲೇ ಮಾಡಬೇಕಾಗಬಹುದು.

ಅರಿವಳಿಕೆಗೆ ಮುಂಚೆ ಹೊಟ್ಟೆ ಖಾಲಿ ಇರಬೇಕು. ಎದೆಹಾಲಾದರೆ ಸಾಮಾನ್ಯವಾಗಿ 4 ಗಂಟೆ, ಪುಡಿಹಾಲಾದರೆ 6 ಗಂಟೆ. ಆಸ್ಪತ್ರೆಯಲ್ಲಿ ಹೇಳಿದ ಸಮಯವನ್ನೇ ಪಾಲಿಸಿ. ಹಸಿದಿದ್ದಾನೆ ಅಂತ ಕರುಣೆಯಿಂದ ಯಾರೂ ಬಿಸ್ಕತ್ತು ತಿನ್ನಿಸದ ಹಾಗೆ ನೋಡಿಕೊಳ್ಳಿ. ಹಿಂದಿನ ದಿನ ನೆಗಡಿ, ಕೆಮ್ಮು ಶುರುವಾದರೆ ಫೋನ್ ಮಾಡಿ ತಿಳಿಸಿ, ಮುಂದೂಡುತ್ತಾರೆ. ಆಮೇಲೆ ಒಂದು ದಿನ ಮೂಗಿನಿಂದ ಸ್ವಲ್ಪ ರಕ್ತ ಮಿಶ್ರಿತ ನೀರು ಬರುವುದು ಸಹಜ.

ಇದರಿಂದ ದೃಷ್ಟಿ ಕಡಿಮೆಯಾಗುತ್ತದಾ?

ನಾಳ ಕಟ್ಟಿಕೊಂಡು ಬರುವ ಗೀಜಿನಿಂದ ಆಗುವುದಿಲ್ಲ. ಆದರೆ ನಾಳದ ತೊಂದರೆ ಇರುವ ಮಕ್ಕಳಲ್ಲಿ ಕೆಲವರಿಗೆ ಎರಡು ಕಣ್ಣಿನ ಪವರ್‌ನಲ್ಲಿ ವ್ಯತ್ಯಾಸ ಇರುತ್ತದೆ. ಪ್ರೋಬಿಂಗ್‌ಗೆ ಹೋದಾಗ ಅದನ್ನೂ ಪರೀಕ್ಷಿಸಿ ಅಂತ ಕೇಳಿ. ದಿನ ತುಂಬದೆ ಹುಟ್ಟಿದ, ಎರಡು ಕೆಜಿಗಿಂತ ಕಡಿಮೆ ತೂಕದ ಮಗುವಾದರೆ 30 ದಿನದೊಳಗೆ ಅಕ್ಷಿಪಟಲದ (ಕಣ್ಣಿನ ಒಳಗೆ ಹಿಂಭಾಗದಲ್ಲಿರುವ ರೆಟಿನಾ ಪದರದ) ಪರೀಕ್ಷೆ ಆಗಲೇಬೇಕು. ಗೀಜು ಇರಲಿ ಬಿಡಲಿ, ಅದು ಬೇರೆಯೇ ವಿಷಯ.

ಎಲ್ಲಿ ತೋರಿಸಬೇಕು?

ಮೊದಲು ನಿಮ್ಮ ಮಕ್ಕಳ ಡಾಕ್ಟರ್, ಇಲ್ಲವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಮಗುವಿನ ಕಣ್ಣು ನೋಡುವುದೂ ಅವರ ಕೆಲಸವೇ, ಮರೆಯದೆ ತೋರಿಸಿ. ಕಣ್ಣಿನ ತಜ್ಞರು ಬೇಕಾದರೆ ಜಿಲ್ಲಾ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಡಾಕ್ಟರ್ ಹತ್ತಿರ ಹೋದಾಗ ಕಣ್ಣು ಸ್ವಚ್ಛವಾಗಿರುತ್ತದೆ! ಹೇಗೆ ತೋರಿಸುವುದು?

ಎಲ್ಲರದ್ದೂ ಇದೇ ಗೋಳು. ಬೆಳಿಗ್ಗೆ ಒರೆಸುವ ಮುಂಚೆ ಒಂದು ಫೋಟೋ, ಒರೆಸಿ ಕಣ್ಣು ಬಿಟ್ಟ ಮೇಲೆ ಬಿಳಿ ಭಾಗ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆದಿಡಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಎಷ್ಟನೇ ದಿನದಿಂದ ಶುರುವಾಯಿತು, ಒಂದೇ ಕಣ್ಣಾ ಎರಡೂನಾ, ಹೆರಿಗೆ ನಾರ್ಮಲ್ಲಾ ಸಿಸೇರಿಯನ್ನಾ ಅನ್ನುವುದನ್ನು ಹೇಳಿ. ಇಲ್ಲಿಯವರೆಗೆ ಹಾಕಿದ ಡ್ರಾಪ್ಸ್ ಬಾಟಲಿಗಳೆಲ್ಲವನ್ನೂ ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಮೆಡಿಕಲ್ ಶಾಪ್‌ನಿಂದ ತಂದಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಕಾಡಿಗೆ, ಎಣ್ಣೆ ಹಾಕಿದ್ದು ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬೈದರೆ ಬೈಸಿಕೊಳ್ಳಿ.